ಕೇಳದೆ ಬಿಟ್ಟ ಏಳುನೂರ ಐವತ್ತು ಮಂದಿ

ಒಂದು ಊರಿಗೆ ಯಾವ ಬಗೆಯ ಆಡಳಿತ ತಕ್ಕದ್ದೆಂದು ತೂಗಿ ಹೇಳುವ ಯಂತ್ರವಿದ್ದರೆ? ಅಡಿಯೂರಿನಲ್ಲಿ ಅಂತಹ ಯಂತ್ರವಿತ್ತು. ಅದರ ಹೆಸರು ತುಲೆ. ಅದು ಹದಿನಾಲ್ಕು ತಿಂಗಳು ತೂಗಿತು. ತೂಕ ಮುಗಿದ ದಿನ, ಬೆಳಗಿನ ಪಾಳಿ ಆರಂಭವಾದ ಇಪ್ಪತ್ತು ನಿಮಿಷಕ್ಕೆ, ಫಲಿತಾಂಶದ ಹಾಳೆ ತಾಳೆಗಾರ್ತಿ ದೇವಕಿ ಖಾರ್ವಿಯ ಮೇಜಿಗೆ ಬಂದಿತು.

ಅಡಿಯೂರು ಇರುವುದು ಕಾರವಾರದಿಂದ ಹನ್ನೆರಡು ಮೈಲಿ ಪಡುವಣಕ್ಕೆ, ಕಡಲಿನ ನಲವತ್ತು ಮೀಟರ್ ಆಳದಲ್ಲಿ. ಸಮುದ್ರವು ದಂಡೆಯ ಊರುಗಳನ್ನು ಒಂದೊಂದಾಗಿ ನುಂಗಿದ ಮೇಲೆ, ನೆಲ ಕಳೆದುಕೊಂಡವರು ಸಮುದ್ರದ ಒಳಗೇ ಕಟ್ಟಿಕೊಂಡ ಊರು ಅದು. ನೀರು ಹೊಗದಂತೆ ಬೇರೆ ಬೇರೆಯಾಗಿ ಮುಚ್ಚಬಹುದಾದ ಆರು ಅಂಕಣಗಳು, ಮೂರು ಸಾವಿರದ ಆರುನೂರು ಜನ. ಕುಡಿಯುವ ನೀರನ್ನೂ ಉಸಿರಾಡುವ ಗಾಳಿಯನ್ನೂ ಯಂತ್ರಗಳು ಅಳೆದು ಕೊಡುವ ಊರಿನಲ್ಲಿ ಒಂದು ಸಂಖ್ಯೆ ತಪ್ಪಿದರೆ ಮನುಷ್ಯರು ಸಾಯುತ್ತಾರೆ. ಆದ್ದರಿಂದ ಅಲ್ಲಿ ಒಂದು ಕಟ್ಟಳೆ ಇತ್ತು. ಒಂದೇ ದಾರಿಯಿಂದ ಬಂದ ಸಂಖ್ಯೆಯನ್ನು ನಂಬತಕ್ಕದ್ದಲ್ಲ. ಅದೇ ಸಂಖ್ಯೆಯನ್ನು ಎರಡನೆಯ ದಾರಿಯಿಂದಲೂ ತಲುಪಬೇಕು. ಆ ಎರಡನೆಯ ದಾರಿ ಮೊದಲನೆಯದನ್ನು ಎಲ್ಲಿಯೂ ಮುಟ್ಟಬಾರದು. ಎರಡೂ ಕೂಡಿದರೆ ತಾಳೆಗಾರ್ತಿ ಸಹಿ ಹಾಕುತ್ತಾಳೆ. ಸಹಿಯಿಲ್ಲದ ಸಂಖ್ಯೆಯ ಮೇಲೆ ಊರಿನಲ್ಲಿ ಒಂದು ತಿರುಪನ್ನೂ ತಿರುಗಿಸುವಂತಿಲ್ಲ.

ದೇವಕಿಗೆ ಐವತ್ನಾಲ್ಕು ವರ್ಷ. ಅವಳು ಇಪ್ಪತ್ತೆರಡು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದಳು.

"ಅಕ್ಕಾರ, ಎಂಬತ್ತೆಂಟು ಬಂದೈತ್ರಿ!" ಎಂದರು ತುಲೆಯನ್ನು ಕಟ್ಟಿದ ವಿಜ್ಞಾನಿ ಡಾ. ಅರುಂಧತಿ ಬೀಳಗಿ. ಉತ್ಸಾಹದಲ್ಲಿ ಅವರು ಕುರ್ಚಿಯಲ್ಲಿ ಕೂರುವುದನ್ನೂ ಮರೆತಿದ್ದರು. "ಮೂರು ಸಲ ಓಡಿಸಿ ನೋಡೀನಿ. ಮೂರು ಸಲನೂ ಅಷ್ಟ. ಒಂದು ಸಹಿ ಒಗದುಬಿಡ್ರಿ, ಮುಗೀತು."

"ಮೂರು ಸಲವೂ ಒಂದೇ ದಾರಿ ಅಲ್ವಾ ಡಾಕ್ಟ್ರೇ? ಒಂದೇ ದಾರಿಯಲ್ಲಿ ಮೂರು ಸಲ ನಡೆದ್ರೆ ಕಾಲು ನೋಯ್ತದೆ. ತಾಳೆ ಆಗುದಿಲ್ಲ."

"ನೀವು ಮದುವಿ ಊಟದಾಗೂ ಎಲಿ ಎಣಸ್ತೀರಿ ಬಿಡ್ರಿ."

ದೇವಕಿ ಹಾಳೆ ಓದಿದಳು. ತುಲೆಯ ಕ್ರಮ ಸರಳವಾಗಿತ್ತು. ಊರಿನ ಪ್ರತಿಯೊಬ್ಬರ ಅಭ್ಯಾಸ, ಆರೋಗ್ಯ, ಸಿಟ್ಟು, ಸಹನೆಗಳನ್ನು ಅಳೆದು, ಯಂತ್ರದೊಳಗೆ ಅವರ ಪಡಿಯಚ್ಚುಗಳನ್ನು ಮಾಡಿ, ಅಲ್ಲೊಂದು ಅಡಿಯೂರನ್ನು ಹೂಡಲಾಗಿತ್ತು. ಭೂಮಿಯ ಮೇಲೆ ಮನುಷ್ಯರು ಮಾಡಿ ನೋಡಿದ ಆಡಳಿತಗಳನ್ನು ಆ ಪಡಿಯೂರಿನ ಮೇಲೆ ಒಂದೊಂದಾಗಿ ಐವತ್ತು ವರ್ಷ ನಡೆಸಲಾಗಿತ್ತು. ತಂದೆಯಿಂದ ಮಗನಿಗೆ ಇಳಿಯುವ ಅರಸೊತ್ತಿಗೆ, ಸೇನೆಯ ಆಳ್ವಿಕೆ, ಧರ್ಮಗುರುಗಳದ್ದು, ಒಂದೇ ಪಕ್ಷದ್ದು, ಪ್ರತಿನಿಧಿಗಳನ್ನು ಆರಿಸುವ ಸಂಸತ್ತು, ಹಳೆಯ ಗ್ರೀಕರಂತೆ ಚೀಟಿ ಎತ್ತಿ ಅಧಿಕಾರಿಗಳನ್ನು ನೇಮಿಸುವುದು, ಅಡಿಯೂರಿನಲ್ಲಿ ಈಗ ಇರುವಂತೆ ಎಲ್ಲರೂ ಕೂಡಿ ನಿರ್ಣಯಿಸುವ ಮಹಾಸಭೆ, ಕೊನೆಯದು, ಯಂತ್ರದ ಸಲಹೆ ಪಡೆದು ಒಬ್ಬನೇ ನಡೆಸುವ ಏಕಾಡಳಿತ. ವರ್ಷಕ್ಕೊಮ್ಮೆ ತುಲೆಯು ಪಡಿಯೂರಿನ ಪ್ರತಿ ಪ್ರಜೆಗೂ "ಕ್ಷೇಮವೆ?" ಎಂದು ಕೇಳುತ್ತಿತ್ತು. ಉತ್ತರಕ್ಕೆ ಸೊನ್ನೆಯಿಂದ ನೂರರವರೆಗೆ ಅಂಕ. ಐವತ್ತನೆಯ ವರ್ಷದ ಅಂಕಗಳ ಸರಾಸರಿಯೇ ಆ ಆಡಳಿತದ ತೂಕ.

ಸೇನೆಗೆ ನಲವತ್ತೇಳು. ಸಂಸತ್ತಿಗೆ ಅರವತ್ತಮೂರು. ಒಂದೇ ಪಕ್ಷಕ್ಕೆ ಅರವತ್ತಾರು. ಮಹಾಸಭೆಗೆ ಅರವತ್ತೊಂದು. ಏಕಾಡಳಿತಕ್ಕೆ ಎಂಬತ್ತೆಂಟು.

ಹಿಂದಿನ ವರ್ಷ ಮಹಾಸಭೆಯೇ ಠರಾವು ಮಾಡಿತ್ತು: ತುಲೆಯ ತೀರ್ಪಿಗೆ ತಾಳೆಗಾರ್ತಿಯ ಸಹಿ ಬಿದ್ದರೆ, ಗೆದ್ದ ಆಡಳಿತ ಐವತ್ತು ವರ್ಷ ಜಾರಿಗೆ ಬರುತ್ತದೆ, ಬೇರೆ ಮತದಾನವಿಲ್ಲ. ತಾಳೆ ತಪ್ಪಿದರೆ ಪ್ರಶ್ನೆ ಜನರ ಮುಂದೆ ಹೋಗುತ್ತದೆ. ಹೀಗೆ ಮುಂದಿನ ಐವತ್ತು ವರ್ಷಗಳ ಅಡಿಯೂರು ಒಂದು ಸಹಿಗಾಗಿ ಕಾಯುತ್ತಿತ್ತು.

ಮಧ್ಯಾಹ್ನ ಮನೆಗೆ ಬಂದಾಗ ಗಂಡ ಅಣ್ಣಪ್ಪ ಪಾಚಿಹಿಟ್ಟಿನ ದೋಸೆ ಹಾಕುತ್ತಿದ್ದ. ಅವನು ಊರಿನ ಸಾಮೂಹಿಕ ಅಡುಗೆಮನೆಯ ಮುಖ್ಯಸ್ಥ. ಮನೆಯಲ್ಲೂ ಸೌಟು ಬಿಡುತ್ತಿರಲಿಲ್ಲ. ಮೇಜಿನ ಆಚೆ ಬದಿ ಸುಲೋಚನ ಕುಳಿತಿದ್ದಳು. ದೇವಕಿಯ ತಮ್ಮ ಪರಮನ ಹೆಂಡತಿ ಅವಳು. ಪರಮ ತೀರಿಕೊಂಡ ಮೇಲೆ ಇವರೊಂದಿಗೇ ಇದ್ದಳು.

"ಎಂಬತ್ತೆಂಟಂತೆ!" ಎಂದ ಅಣ್ಣಪ್ಪ. "ಅಧ್ಯಕ್ಷ ಪಾವಸ್ಕರರು ಒಬ್ಬರೇ ಆಳಿದ್ರೆ ಮೀಟಿಂಗು ಇಲ್ಲ ಮಾರಾಯ್ತಿ. ಕಳೆದ ವಾರ ಸಾರಿಗೆ ಉಪ್ಪು ಎಷ್ಟು ಹಾಕ್ಬೇಕು ಅಂತ ಸಭೆಯಲ್ಲಿ ಎರಡು ಗಂಟೆ ಚರ್ಚೆ. ಸಾರು ಹಳಸಿತು."

"ಉಪ್ಪು ಹೆಚ್ಚಾಗಿತ್ತು," ಎಂದಳು ದೇವಕಿ.

"ಅದಕ್ಕೆ ಠರಾವು ಬೇಕಾ?"

ಸುಲೋಚನ ನಗಲಿಲ್ಲ. "ಅತ್ತಿಗೆ, ಸಹಿ ಯಾವಾಗ ಹಾಕ್ತೀರಿ?"

"ತಾಳೆ ಆದ ಮೇಲೆ."

"ಮೂರನೇ ಅಂಕಣದ ಗೋಡೆ ಬಿರಿದು ಪಂಪು ಕೆಟ್ಟಾಗ ಸಭೆ ಹತ್ತೊಂಬತ್ತು ದಿನ ಮಾತಾಡಿತು. ಅಂಕಣ ಮುಚ್ಚಬೇಕಾ, ಬೇಡವಾ. ಇಪ್ಪತ್ತನೇ ದಿನ ನೀರು ಒಳಗೆ ನುಗ್ಗಿತು." ಸುಲೋಚನಳ ದನಿ ಏರಲಿಲ್ಲ. "ಆ ಹತ್ತೊಂಬತ್ತರಲ್ಲಿ ಮೂರು ದಿನ ನಿಮ್ಮ ತಾಳೆಗೇ ಹೋದದ್ದು. ನಾನು ಮರೆತಿಲ್ಲ."

ಹದಿನಾಲ್ಕು ಮಂದಿ ಸತ್ತಿದ್ದರು. ಅವರಲ್ಲಿ ಪರಮನೂ ಒಬ್ಬ. ಗೋಡೆಯ ಬಿರುಕನ್ನು ಇನ್ನೊಂದು ಬಗೆಯಿಂದ ಅಳೆಯಲು ಮೂರು ದಿನ ಕೇಳಿದವಳು ದೇವಕಿಯೇ. ಅವಳು ದೋಸೆಯನ್ನು ನಾಲ್ಕು ಸಮಭಾಗ ಮಾಡಿ ಒಂದು ಭಾಗ ತಿಂದಳು. ಉಳಿದ ಮೂರು ತಟ್ಟೆಯಲ್ಲೇ ಉಳಿದವು.

ಆ ಮಧ್ಯಾಹ್ನ ಅವಳು ಎರಡನೆಯ ದಾರಿ ಹುಡುಕಿದಳು.

ನಿಜವಾದ ಅಡಿಯೂರಿನಲ್ಲಿ ಜನಸಂಖ್ಯೆಯ ತಾಳೆ ಗಾಳಿಯಿಂದ ಆಗುತ್ತಿತ್ತು. ಎಳೆಯರು, ಮುದುಕರು, ದುಡಿಯುವವರು ಎಲ್ಲರನ್ನೂ ಸೇರಿಸಿದರೆ ಒಬ್ಬ ಮನುಷ್ಯನಿಗೆ ದಿನಕ್ಕೆ ಸರಾಸರಿ ಎಂಟುನೂರ ನಲವತ್ತು ಗ್ರಾಂ ಆಮ್ಲಜನಕ ಬೇಕು. ಊರು ಬಳಸಿದ ಒಟ್ಟು ಆಮ್ಲಜನಕವನ್ನು ಅದರಿಂದ ಭಾಗಿಸಿದರೆ ಉಸಿರಾಡುವವರ ಸಂಖ್ಯೆ ಬರುತ್ತದೆ. ಪಟ್ಟಿಯಲ್ಲಿ ಹೆಸರು ಬಿಡಬಹುದು, ಸೇರಿಸಬಹುದು. ಉಸಿರನ್ನು ಬಿಡಲಾಗದು. ಡಾ. ಬೀಳಗಿ ಶ್ರದ್ಧೆಯ ಕೆಲಸಗಾರ್ತಿ. ಪಡಿಯೂರಿಗೂ ಗಾಳಿ, ನೀರುಗಳ ಲೆಕ್ಕವನ್ನು ಚಾಚೂ ತಪ್ಪದೆ ಹೂಡಿದ್ದರು. ಆದರೆ ಈ ತೂಕದಲ್ಲಿ ಅದನ್ನು ನೋಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

"ಏಕಾಡಳಿತ, ಐವತ್ತನೆಯ ವರ್ಷ," ಎಂದಳು ದೇವಕಿ, ತುಲೆಯ ಕೋಣೆಯಲ್ಲಿ ನಿಂತಿದ್ದ ಬೀಳಗಿಯವರಿಗೆ. "ತುಲೆ ಎಷ್ಟು ಜನರನ್ನು ಕೇಳಿದೆ?"

"ಎರಡು ಸಾವಿರದ ನಾಲ್ಕುನೂರ ಐವತ್ತು ಮಂದೀನ್ರಿ. ಜನಸಂಖ್ಯಾ ಸ್ವಲ್ಪ ಇಳದೈತಿ."

"ಆಮ್ಲಜನಕ?"

"ದಿನಕ್ಕ ಎರಡು ಸಾವಿರದ ಆರುನೂರ ಎಂಬತ್ತೆಂಟು ಕಿಲೋ."

ದೇವಕಿ ಕಾಗದದ ಮೇಲೆ ಭಾಗಿಸಿದಳು. ಯಂತ್ರ ಬಳಸಲಿಲ್ಲ. ಉತ್ತರ ಮೂರು ಸಾವಿರದ ಇನ್ನೂರು.

"ಏಳುನೂರ ಐವತ್ತು ಮಂದಿ ಹೆಚ್ಚು ಉಸಿರಾಡ್ತಿದ್ದಾರೆ, ಡಾಕ್ಟ್ರೇ."

"ಮೀನಿನ ತೊಟ್ಟಿ ಇರಬೇಕ್ರಿ. ಇಲ್ಲಾ ಕಾರ್ಖಾನಿ."

"ನೀರು ನೋಡಿ. ತಲೆಗೆ ದಿನಕ್ಕೆ ಮೂರು ಲೀಟರು ಕುಡಿಯುವ ನೀರು. ಮೀನು ಕುಡಿಯುದಿಲ್ಲ."

ಬೀಳಗಿ ನೋಡಿದರು. ಒಂಬತ್ತು ಸಾವಿರದ ಆರುನೂರು ಲೀಟರು. ಮೂರರಿಂದ ಭಾಗಿಸಿದರೆ ಮತ್ತೆ ಮೂರು ಸಾವಿರದ ಇನ್ನೂರು. ಅವರು ಮೊದಲ ಬಾರಿಗೆ ಕುರ್ಚಿಯಲ್ಲಿ ಕುಳಿತರು.

ಆ ಏಳುನೂರ ಐವತ್ತು ಮಂದಿಯನ್ನು ಹುಡುಕಲು ಎರಡು ಗಂಟೆ ಹಿಡಿಯಿತು. ಅವರು ಸತ್ತಿರಲಿಲ್ಲ, ಸೆರೆಯಲ್ಲೂ ಇರಲಿಲ್ಲ. ಅವರ ಹೆಸರಿನ ಮುಂದೆ 'ವಿಶ್ರಾಂತ' ಎಂದು ಬರೆದಿತ್ತು. ತುಲೆಗೆ ಆ ಪದವನ್ನು ಯಾರೂ ಕಲಿಸಿರಲಿಲ್ಲ. ಪಡಿಯೂರಿನ ಏಕಾಡಳಿತಗಾರ ಆರನೆಯ ವರ್ಷದಲ್ಲಿ ಒಂದು ಆಜ್ಞೆ ಹೊರಡಿಸಿದ್ದ: ಸತತ ಮೂರು ವರ್ಷ ಕ್ಷೇಮವಿಲ್ಲವೆಂದು ಹೇಳಿದವರನ್ನು ವಿಶ್ರಾಂತರೆಂದು ಪರಿಗಣಿಸತಕ್ಕದ್ದು, ಮತ್ತೆ ಮತ್ತೆ ಪ್ರಶ್ನಿಸಿ ಅವರ ಮನಸ್ಸನ್ನು ನೋಯಿಸತಕ್ಕದ್ದಲ್ಲ. ಆಜ್ಞೆಯ ಭಾಷೆ ಮೃದುವಾಗಿತ್ತು. ಆ ಊರಿನಲ್ಲಿ ಆಜ್ಞೆಯೇ ಕಾನೂನು. ತುಲೆ ಕಾನೂನನ್ನು ಪಾಲಿಸಿತ್ತು. ಅವರನ್ನು ಕೇಳಲಿಲ್ಲ, ಕೇಳದವರನ್ನು ಭಾಗಾಕಾರದಲ್ಲಿ ಸೇರಿಸಲಿಲ್ಲ. ವರ್ಷ ವರ್ಷವೂ ಅತೃಪ್ತರು ಪಟ್ಟಿಯಿಂದ ಜಾರಿದರು. ವರ್ಷ ವರ್ಷವೂ ಸರಾಸರಿ ಏರಿತು.

ದೇವಕಿ ಎಂಟೂ ಆಡಳಿತಗಳನ್ನು ಹೀಗೆಯೇ ತಾಳೆ ನೋಡಿದಳು. ಸೇನೆ, ಧರ್ಮಗುರು, ಒಂದೇ ಪಕ್ಷ, ಅರಸು, ಎಲ್ಲದರಲ್ಲೂ ಉಸಿರಿಗೂ ಪಟ್ಟಿಗೂ ಅಂತರವಿತ್ತು. ಸಂಸತ್ತಿನಲ್ಲಿ ಒಂಬತ್ತು ಮಂದಿಯ ಅಂತರ, ಅವರು ಸೆರೆಮನೆಯಲ್ಲಿದ್ದವರು. ಅದನ್ನೂ ಬರೆದುಕೊಂಡಳು. ಚೀಟಿ ಎತ್ತುವ ಊರಿನಲ್ಲಿ ಅಂತರವಿಲ್ಲ. ಮಹಾಸಭೆಯಲ್ಲಿ ಉಸಿರಾಡಿದವರು ಮೂರು ಸಾವಿರದ ನಾಲ್ಕುನೂರ ಹತ್ತು. ಕೇಳಿದ್ದೂ ಅಷ್ಟೇ ಮಂದಿಯನ್ನು.

"ಅಕ್ಕಾರ," ಎಂದರು ಬೀಳಗಿ, ವಿಶ್ರಾಂತರ ಪಟ್ಟಿಯಿಂದ ಕಣ್ಣು ತೆಗೆಯದೆ. "ಇದರಾಗ ಸುಲೋಚನಾ ಅಂತ ಐತ್ರಿ. ಮುಂದ ನಿಮ್ಮ ಮನಿ ನಂಬರ."

ಪಡಿಯಚ್ಚಿನ ಸುಲೋಚನ ಸತತ ಮೂರು ವರ್ಷ ಕ್ಷೇಮವಿಲ್ಲವೆಂದಿದ್ದಳು. ಅನಂತರದ ನಲವತ್ತನಾಲ್ಕು ವರ್ಷ ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

ಮನೆಯಲ್ಲಿ ದೇವಕಿ ಅದನ್ನು ಮುಚ್ಚಿಡಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು ಹೇಳಿದಳು. ಸುಲೋಚನ ತನ್ನ ಹೆಸರನ್ನು ಓದಿ, ಹಾಳೆಯನ್ನು ಹಿಂದಕ್ಕೆ ನೂಕಿದಳು.

"ಒಳ್ಳೆದಾಯ್ತು. ಕೇಳುದು ಬೇಡ. ಎಲ್ಲರನ್ನೂ ಕೇಳಿ ಕೇಳಿಯೇ ನನ್ನ ಗಂಡ ಹೋದ."

"ನೀನಿದ್ದೀ ಅಂತಲೇ ಅವರು ಲೆಕ್ಕಕ್ಕೆ ಹಿಡಿಯುದಿಲ್ಲ, ಸುಲೋಚನ."

"ಪಂಪನ್ನು ಲೆಕ್ಕಕ್ಕೆ ಹಿಡಿಯುತ್ತಾರಲ್ಲ? ಅಷ್ಟು ಸಾಕು." ಅವಳು ಎದ್ದಳು. "ನೀವು ಸಹಿ ಹಾಕದಿದ್ರೆ, ಅತ್ತಿಗೆ, ನಾನು ಈ ಮನೆಯಲ್ಲಿ ಇರುದಿಲ್ಲ."

ಬಾಗಿಲು ಮುಚ್ಚಿದ ಮೇಲೆ ಅಣ್ಣಪ್ಪ ಸೌಟನ್ನು ಕೆಳಗಿಟ್ಟ. "ಎಂತ ಮಾಡ್ತಿ?"

"ಎರಡು ದಾರಿ ಕೂಡಲಿಲ್ಲ."

"ಅದು ಗೊತ್ತಾಯ್ತು ಮಾರಾಯ್ತಿ. ನಾನು ಕೇಳಿದ್ದು ನೀನು ಎಂತ ಮಾಡ್ತಿ ಅಂತ."

"ಕೂಡದಿದ್ದರೆ ಸಹಿ ಇಲ್ಲ. ಇದರಲ್ಲಿ ನಾನು ಮಾಡುವಂಥದ್ದು ಬೇರೆ ಎಂತದೂ ಇಲ್ಲ."

ಮರುದಿನ ಬೆಳಿಗ್ಗೆ ಸಭಾಧ್ಯಕ್ಷ ಜಯವಂತ ಪಾವಸ್ಕರ ತುಲೆಯ ಕೋಣೆಗೆ ಬಂದರು. ತೀರ್ಪು ಜಾರಿಗೆ ಬಂದರೆ ಏಕಾಡಳಿತಗಾರರಾಗಬೇಕಾದವರು ಅವರೇ. ಪಡಿಯೂರಿನಲ್ಲಿ ಆಳಿದ್ದೂ ಅವರ ಪಡಿಯಚ್ಚೇ. ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ಮೂರನೆಯ ಅಂಕಣದಿಂದ ಹದಿನಾಲ್ಕು ಹೆಣಗಳಲ್ಲಿ ಆರನ್ನು ಅವರೇ ಹೊತ್ತು ತಂದಿದ್ದರು. ವಿಶ್ರಾಂತರ ಪಟ್ಟಿಯನ್ನು ಅವರು ಕೊನೆಯವರೆಗೆ ಓದಿದರು.

"ನಾನು ಹೀಗೆ ಮಾಡುವವನಲ್ಲ, ದೇವಕಿಬಾಯಿ."

"ಐದು ವರ್ಷ ಮಾಡಲಿಲ್ಲ. ಆರನೆಯ ವರ್ಷ ಮಾಡಿದಿರಿ."

ಪಾವಸ್ಕರರಿಗೂ ಲೆಕ್ಕ ಬರುತ್ತಿತ್ತು. ಅವರು ಪೆನ್ನು ತೆಗೆದರು. "ಸರಿ. ಆ ಏಳುನೂರ ಐವತ್ತು ಮಂದಿಯನ್ನು ಸೇರಿಸೋಣ. ಅವರೆಲ್ಲರಿಗೂ ಸೊನ್ನೆ ಹಾಕಿ. ಒಬ್ಬರಿಗೂ ಒಂದು ಅಂಕ ಬೇಡ. ಎರಡು ಸಾವಿರದ ನಾಲ್ಕುನೂರ ಐವತ್ತನ್ನು ಎಂಬತ್ತೆಂಟರಿಂದ ಗುಣಿಸಿ. ಮೂರು ಸಾವಿರದ ಇನ್ನೂರರಿಂದ ಭಾಗಿಸಿ. ಎಷ್ಟು?"

"ಅರವತ್ತೇಳು. ಮೇಲೆ ಎಂಟರಲ್ಲಿ ಮೂರು ಪಾಲು."

"ಮಹಾಸಭೆಗೆ ಅರವತ್ತೊಂದು. ನಿಮಗೆ ಬೇಕಾದಂತೆ ಕೆಟ್ಟದ್ದರಲ್ಲಿ ಕೆಟ್ಟದ್ದನ್ನು ಲೆಕ್ಕ ಹಿಡಿದರೂ ಏಕಾಡಳಿತವೇ ಮೇಲು. ಈಗ ಸಹಿ ಹಾಕಲು ಅಡ್ಡಿ ಏನು?"

ಡಾ. ಬೀಳಗಿ ದೇವಕಿಯ ಕಡೆ ನೋಡಿದರು. ಗುಣಾಕಾರದಲ್ಲಿ ತಪ್ಪಿರಲಿಲ್ಲ, ಭಾಗಾಕಾರದಲ್ಲೂ ಇರಲಿಲ್ಲ. ದೇವಕಿ ಆ ಮೊತ್ತವನ್ನು ಇನ್ನೊಮ್ಮೆ ಕಣ್ಣಿನಲ್ಲೇ ಮಾಡಿ ನೋಡಿದಳು. ಅಲ್ಲಿಗೆ ಅವಳ ಇಪ್ಪತ್ತೆರಡು ವರ್ಷಗಳ ಶಿಸ್ತು ಸಹಿ ಹಾಕು ಎನ್ನುತ್ತಿತ್ತು. ತಮ್ಮನ ಸಾವೂ ಅದನ್ನೇ ಹೇಳುತ್ತಿತ್ತು. ಸಹಿ ಹಾಕಿದರೆ ಸುಲೋಚನ ಮನೆಯಲ್ಲಿ ಉಳಿಯುತ್ತಿದ್ದಳು.

"ಸೊನ್ನೆಯೂ ಒಂದು ಉತ್ತರ, ಪಾವಸ್ಕರರೇ," ಎಂದಳು. "ಅದನ್ನು ಕೊಟ್ಟವರು ಯಾರು?"

"ಅವರ ಪರವಾಗಿಯೇ ಹಾಕಿದ್ದೇನಲ್ಲ."

"ಅದೇ ತಪ್ಪು. ಅವರನ್ನು ಬಿಟ್ಟದ್ದೂ ಅವರ ಪರವಾಗಿ, ಸೊನ್ನೆ ಬರೆದದ್ದೂ ಅವರ ಪರವಾಗಿ. ಎರಡು ಸಲವೂ ಪೆನ್ನು ನಿಮ್ಮ ಕೈಯಲ್ಲಿತ್ತು. ಅರವತ್ತೇಳು ಹೆಚ್ಚೋ ಕಡಿಮೆಯೋ ಎಂಬುದು ನನ್ನ ತಕರಾರಲ್ಲ. ಅದು ಸಂಖ್ಯೆಯೇ ಅಲ್ಲ. ಕೇಳದ ಪ್ರಶ್ನೆಯ ಉತ್ತರ ಕೂಡಿಸಲು ಬರುವುದಿಲ್ಲ."

"ನಿಮ್ಮನ್ನು ಈ ಸ್ಥಾನದಿಂದ ತೆಗೆಯಬಹುದು. ಇನ್ನೊಬ್ಬರು ಬರೆದುಕೊಡುತ್ತಾರೆ."

"ತೆಗೆಯಿರಿ. ತೆಗೆಯಲು ಸಭೆ ಕರೆಯಬೇಕು. ಸಭೆಯಲ್ಲಿ ಕಾರಣ ಕೇಳುತ್ತಾರೆ. ಕಾರಣ ನಾನೇ ಹೇಳುತ್ತೇನೆ."

ಪಾವಸ್ಕರರು ಅಂದೇ ಸಭೆ ಕರೆದರು. ಬೆಳಿಗ್ಗೆ ಒಂಬತ್ತು ಗಂಟೆಗೆ ನಡುವಣ ಅಂಕಣದ ಸಭಾಂಗಣ ತುಂಬಿತು. ಅವರು ವಿಷಯವನ್ನು ಮರೆಮಾಚದೆ ಮಂಡಿಸಿದರು. ಅನಂತರ ದೇವಕಿ ಎದ್ದು, ಎಂಟು ಆಡಳಿತಗಳಿಗೂ ಕೇಳಿದವರೆಷ್ಟು, ಉಸಿರಾಡಿದವರೆಷ್ಟು ಎಂಬುದನ್ನು ಓದಿದಳು. ವಿಶೇಷಣ ಬಳಸಲಿಲ್ಲ. ಕೊನೆಗೆ, "ತಾಳೆ ಆಗಿಲ್ಲ. ಸಹಿ ಹಾಕುವುದಿಲ್ಲ," ಎಂದಳು.

ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಇನ್ನೂ ಮೂರು ದಿನ ಅಳತೆ ಮಾಡ್ತಾ ಕೂರು! ಅಷ್ಟರಲ್ಲಿ ನಾಲ್ಕನೇ ಅಂಕಣವೂ ಮುಳುಗಲಿ!"

ನಗು ಹಬ್ಬಿತು. ಅದು ಸೌಮ್ಯವಾದ ನಗುವಲ್ಲ. ದೇವಕಿ ಅದು ಅಡಗುವವರೆಗೆ ನಿಂತಳು.

"ಆ ಮೂರು ದಿನ ಕೇಳಿದವಳು ನಾನು. ಹದಿನಾಲ್ಕು ಮಂದಿಯಲ್ಲಿ ಒಬ್ಬ ನನ್ನ ತಮ್ಮ. ಅದನ್ನು ನನಗೆ ಯಾರೂ ನೆನಪಿಸಬೇಕಾಗಿಲ್ಲ. ಆ ಹದಿನಾಲ್ಕು ಮಂದಿಯ ಹೆಸರು ಈ ಸಭಾಂಗಣದಲ್ಲಿ ಎಲ್ಲರಿಗೂ ಗೊತ್ತು. ನೀವು ಎರಡು ವರ್ಷದಿಂದ ಅವರ ಹೆಸರು ಹಿಡಿದು ನನ್ನನ್ನು ಬೈಯುತ್ತಿದ್ದೀರಿ. ಬೈಯಿರಿ. ಈ ಏಳುನೂರ ಐವತ್ತು ಮಂದಿ ಇದ್ದರೆಂದು ಹೇಳಲು ಆ ಊರಿನಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಗಾಳಿ ಹೇಳಿತು."

ಪಾವಸ್ಕರರು ಮುಂದಕ್ಕೆ ಬಂದರು. "ತಾಳೆ ತಪ್ಪಿದರೆ ಪ್ರಶ್ನೆ ಜನರ ಮುಂದೆ. ಠರಾವು ಹಾಗೆಯೇ ಇದೆ. ನಾನು ಅದನ್ನು ಮೀರುವುದಿಲ್ಲ. ಜನ ಇಲ್ಲಿದ್ದಾರೆ. ಏಕಾಡಳಿತ ಬೇಕೆನ್ನುವವರು ಕೈ ಎತ್ತಿ."

ಬೇಕೆಂದು ಒಂದು ಸಾವಿರದ ನಲವತ್ತು ಕೈಗಳು ಎದ್ದವು. ಬೇಡವೆಂದು ಏಳುನೂರ ತೊಂಬತ್ತಾರು.

"ತೀರ್ಮಾನವಾಯಿತು," ಎಂದರು ಪಾವಸ್ಕರ.

"ಆಗಲಿಲ್ಲ," ಎಂದಳು ದೇವಕಿ. "ಎರಡೂ ಸೇರಿ ಒಂದು ಸಾವಿರದ ಎಂಟುನೂರ ಮೂವತ್ತಾರು. ಊರಿನಲ್ಲಿ ಉಸಿರಾಡುವವರು ಮೂರು ಸಾವಿರದ ಆರುನೂರು. ಉಳಿದ ಒಂದು ಸಾವಿರದ ಏಳುನೂರ ಅರವತ್ತನಾಲ್ಕು ಮಂದಿ ಎಲ್ಲಿ?"

"ಪಂಪಿನ ಪಾಳಿಯಲ್ಲಿದ್ದಾರೆ. ಆಸ್ಪತ್ರೆಯಲ್ಲಿದ್ದಾರೆ. ಮಕ್ಕಳನ್ನು ಹಿಡಿದು ಮನೆಯಲ್ಲಿದ್ದಾರೆ. ಕೆಲವರು ಇಲ್ಲೇ ಇದ್ದು ಕೈ ಎತ್ತಲಿಲ್ಲ. ಅದಕ್ಕೇನು ಮಾಡಲಿಕ್ಕಾಗುತ್ತದೆ?"

"ಕೇಳಲಿಕ್ಕಾಗುತ್ತದೆ. ಮಕ್ಕಳನ್ನೂ ಸೇರಿಸಿ. ಐವತ್ತು ವರ್ಷದಲ್ಲಿ ಹೆಚ್ಚು ಕಾಲ ಬದುಕುವವರು ಅವರೇ."

"ಒಬ್ಬೊಬ್ಬರನ್ನೂ?"

"ಒಬ್ಬೊಬ್ಬರನ್ನೂ. ಪಾಳಿಯವರ ಬಳಿಗೆ ನಾನೇ ಹೋಗುತ್ತೇನೆ."

"ಇದಕ್ಕೆಷ್ಟು ಹೊತ್ತು ಬೇಕೆಂದು ಗೊತ್ತಿದೆಯೇ ನಿಮಗೆ?" ಪಾವಸ್ಕರರ ಸಹನೆ ಮುಗಿದಿತ್ತು. "ಈ ಊರನ್ನು ಕೊಂದದ್ದು ಇದೇ!"

"ತಲೆಗೆ ಹತ್ತು ಸೆಕೆಂಡು. ಮೂವತ್ತಾರು ಸಾವಿರ ಸೆಕೆಂಡು. ಹತ್ತು ಗಂಟೆ." ಅವಳು ವೇದಿಕೆಯ ಮೇಜನ್ನು ತಾನೇ ಎಳೆದು ನಡುವೆ ಹಾಕಿದಳು. "ಐವತ್ತು ವರ್ಷಕ್ಕೆ ಹತ್ತು ಗಂಟೆ. ಕುಳಿತುಕೊಳ್ಳಿ, ಪಾವಸ್ಕರರೇ."

ಅವರು ನಿಂತೇ ಇದ್ದರು. ಯಾರೂ ಎದ್ದು ಹೋಗಲಿಲ್ಲ. ಡಾ. ಬೀಳಗಿ ಊರಿನ ಹೆಸರುಪಟ್ಟಿಯನ್ನು ತಂದು ಮೇಜಿನ ಮೇಲಿಟ್ಟು, ಪಕ್ಕದಲ್ಲೇ ಕುಳಿತರು.

"ಹತ್ತು ಗಂಟೆ ಅಂದ್ರೆ ಎರಡು ಊಟ," ಎಂದ ಅಣ್ಣಪ್ಪ ಮೂರನೆಯ ಸಾಲಿನಿಂದ. "ನಾನು ಒಲೆ ಹಚ್ಚಬೇಕು ಮಾರಾಯ್ತಿ. ನಂದು ಮೊದ್ಲೇ ಬರ್ಕೊ."

"ಸಾಲಿನಲ್ಲಿ ಬಾ."

"ಗಂಡನಿಗೂ?"

"ಗಂಡ ಅಂತ ಪಟ್ಟಿಯಲ್ಲಿ ಬರೆದಿಲ್ಲ."

ಈ ಬಾರಿಯ ನಗು ಬೇರೆಯಾಗಿತ್ತು. ಜನ ಬೆಂಚು ಸರಿಸಿ ಸಾಲುಗಟ್ಟತೊಡಗಿದರು. ಬೈಯುತ್ತಲೇ ಸಾಲಾದರು. ಹಿಂದಿನ ಸಾಲಿನಲ್ಲಿ ಕೂಗಿದ್ದವನೂ ಬಂದು ಒಬ್ಬ ಮುದುಕಿಯ ಹಿಂದೆ ನಿಂತ. ಪಾವಸ್ಕರರು ಬಹಳ ಹೊತ್ತು ಸಾಲನ್ನು ನೋಡಿ, ಕೊನೆಗೆ ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತರು.

ಸಾಲಿನ ಮೊದಲಿಗೆ ಬಂದು ನಿಂತವಳು ಸುಲೋಚನ. ಅವಳ ಕೈಯಲ್ಲಿ ಬಟ್ಟೆಯ ಗಂಟಿತ್ತು.

"ಹೆಸರು?" ಎಂದಳು ದೇವಕಿ. ಯಾರನ್ನು ಕೇಳಿದರೂ ಮೊದಲು ಅದನ್ನೇ ಕೇಳಬೇಕಿತ್ತು.

"ಸುಲೋಚನ ಪರಮೇಶ್ವರ ಖಾರ್ವಿ."

"ಮುಂದಿನ ಐವತ್ತು ವರ್ಷ ಊರನ್ನು ಯಾರು ಆಳಬೇಕು? ಏಕಾಡಳಿತವೋ, ಮಹಾಸಭೆಯೋ?"

"ಏಕಾಡಳಿತ," ಎಂದಳು ಸುಲೋಚನ, ಅತ್ತಿಗೆಯ ಮುಖವನ್ನು ನೇರ ನೋಡಿ. "ನಿಮ್ಮ ಸಭೆ ನನಗೆ ಬೇಡ. ಹಾಗೇ ಬರೀರಿ."

ದೇವಕಿ ಹಾಗೆಯೇ ಬರೆದಳು. ಬರೆದ ಹಾಳೆಯನ್ನು ಅವಳ ಕಡೆಗೆ ತಿರುಗಿಸಿದಳು.

"ಹೇಳಿದ್ದು ಹೀಗೆಯೇ ತಾನೆ? ಓದಿ ನೋಡು."

ಸುಲೋಚನ ಓದಿದಳು. ಎರಡು ಸಲ ಓದಿದಳು.

"ಹೌದು. ಹೀಗೆಯೇ."

"ಮುಂದಿನವರು," ಎಂದಳು ದೇವಕಿ.